ಕತೆಯೊಳಗೆ ಕಳೆದುಹೋದ ಏರ್ ಮಾರ್ಷಲ್

ಜನವರಿ 15ರ ಸೇನಾ ದಿನ ಬಂತೆಂದರೆ ಒಂದು ಕತೆ ಮಲ್ಲೇಶ್ವರಂನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ತಪ್ಪದೆ ಸುತ್ತುತ್ತದೆ. ಸ್ಯಾಂಕಿ ಕೆರೆಯ ವಾಕಿಂಗ್ ಬಳಗದಿಂದ ಅಪಾರ್ಟ್‌ಮೆಂಟಿನವರಿಗೆ, ಅಲ್ಲಿಂದ ಹಳೇ ವಿದ್ಯಾರ್ಥಿಗಳ ಗುಂಪಿಗೆ. 1965ರ ಯುದ್ಧ. ನಮ್ಮ ಪೈಲಟ್ ಒಬ್ಬ ಪಾಕಿಸ್ತಾನದಲ್ಲಿ ಸೆರೆಸಿಕ್ಕಿದ. ನೋಡಿದರೆ ಅವನು ಜನರಲ್ ಕಾರ್ಯಪ್ಪನವರ ಮಗ. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್, ದೇಶ ಒಡೆಯುವ ಮುಂಚೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಹಳೆಯ ಗೌರವಕ್ಕೆ ಮಗನನ್ನು ಬಿಟ್ಟು ಕಳಿಸುತ್ತೇನೆಂದು ಹೇಳಿ ಕಳಿಸಿದರು. ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ, ನನ್ನ ಮಗನಿಗೆ ಮಾತ್ರ ವಿಶೇಷ ಉಪಚಾರ ಬೇಡ ಎಂಬರ್ಥದ ಉತ್ತರ ಮಡಿಕೇರಿಯಿಂದ ಹೋಯಿತು. ಕೈಮುಗಿದ ಚಿತ್ರ, ಬಾವುಟದ ಚಿತ್ರ, ಅಲ್ಲಿಗೆ ಕತೆ ಮುಗಿಯಿತು.

ಕತೆ ಕಟ್ಟಿದ್ದಲ್ಲ. ಉಪ್ಪುಖಾರ ಒಂದಿಷ್ಟು ಸೇರಿರಬಹುದು, ತಿರುಳು ನಿಜ. ನನ್ನ ತಕರಾರು ಬೇರೆ. ಈ ಕತೆಯಲ್ಲಿ ಮಗನಿಗೆ ಹೆಸರೇ ಇರುವುದಿಲ್ಲ. ಅಪ್ಪ ಒಂದು ದೊಡ್ಡ ಮಾತಾಡಲಿ ಎಂದೇ ವಿಮಾನದಿಂದ ಬಿದ್ದವನ ಹಾಗೆ ಅವನನ್ನು ಒಂದು ಮೂಲೆಯಲ್ಲಿ ಕೂರಿಸಿರುತ್ತಾರೆ. ಆಮೇಲೆ ಅವನು ಏನಾದ ಎಂದು ಯಾರೂ ಕೇಳುವುದಿಲ್ಲ. ಆತ ಮರಳಿ ಬಂದು, ಮತ್ತೆ ಹಾರಿ, ಇನ್ನೂ ಮೂವತ್ತು ವರ್ಷ ಸೇವೆ ಸಲ್ಲಿಸಿ, ಏರ್ ಮಾರ್ಷಲ್ ಆಗಿ ನಿವೃತ್ತರಾದರು. ಭೂಸೇನೆಯ ಲೆಕ್ಕದಲ್ಲಿ ಅದು ಲೆಫ್ಟಿನೆಂಟ್ ಜನರಲ್‌ಗೆ ಸಮ. ಪರಮ ವಿಶಿಷ್ಟ ಸೇವಾ ಪದಕ ಮತ್ತು ವಾಯುಸೇನಾ ಪದಕ ಎರಡೂ ಅವರ ಹೆಸರಿನ ಮುಂದಿವೆ. ಆ ಹೆಸರು ಕೆ.ಸಿ. ಕಾರ್ಯಪ್ಪ, ಬಲ್ಲವರಿಗೆ ನಂದಾ.

ನಂದಾ ಹುಟ್ಟಿದ್ದು 1938ರಲ್ಲಿ. ಅಪ್ಪ ಕೊಡಂದೇರ ಮಾದಪ್ಪ ಕಾರ್ಯಪ್ಪ 1949ರ ಜನವರಿ 15ರಂದು ಬ್ರಿಟಿಷ್ ಜನರಲ್ ಬುಚರ್ ಅವರಿಂದ ಸೇನೆಯ ಚುಕ್ಕಾಣಿ ಹಿಡಿದಾಗ ಈತ ಹನ್ನೊಂದರ ಹುಡುಗ. ಅಂಥ ಮನೆಯಲ್ಲಿ ಬೆಳೆದವನು ಭೂಸೇನೆಗೆ ಹೋಗಿದ್ದರೆ ಪ್ರತಿ ಮೆಸ್ಸಿನಲ್ಲೂ ಅಪ್ಪನ ಪಟ ನೇತಾಡುತ್ತಿತ್ತು. ಅವರು ವಾಯುಪಡೆ ಹಿಡಿದರು. ಕಾರಣ ಅದೇ ಎಂದು ನಾನು ಹೇಳುತ್ತಿಲ್ಲ. ಆದರೆ ಆ ಕಾಲದ ವಾಯುಪಡೆಯಲ್ಲಿ ಹುಡುಗರನ್ನು ಸೆಳೆಯುವುದಕ್ಕೆ ಬೇಕಾದಷ್ಟಿತ್ತು. 1957ರಿಂದ ಬ್ರಿಟನ್ನಿನ ಹಂಟರ್ ವಿಮಾನಗಳು ಬರತೊಡಗಿದ್ದವು. ಒಬ್ಬನೇ ಕೂರುವ ಜೆಟ್, ಮೂತಿಯ ಕೆಳಗೆ 30 ಎಂಎಂನ ನಾಲ್ಕು ಫಿರಂಗಿ. ಹಳಬರನ್ನು ಕೇಳಿದರೆ ಅಷ್ಟು ಲಕ್ಷಣವಾದ ಯುದ್ಧವಿಮಾನ ಮತ್ತೆ ಬಂದಿಲ್ಲ ಎನ್ನುತ್ತಾರೆ.

ವಾಯುಪಡೆ ಬೆಂಗಳೂರಿಗೂ ದೂರದ್ದಾಗಿರಲಿಲ್ಲ. ಮಲ್ಲೇಶ್ವರಂಗೆ ಅಂಟಿಕೊಂಡೇ ಇರುವ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಐಐಎಸ್‌ಸಿ) 1942ರಲ್ಲೇ ವಿ.ಎಂ. ಘಾಟಗೆ ಅವರು ವಿಮಾನಶಾಸ್ತ್ರದ ವಿಭಾಗ ಕಟ್ಟಿದ್ದರು. ಬೆಳಗಿನ ಎಚ್‌ಎಎಲ್ ಬಸ್ಸು ಹಿಡಿದು ಊರಿನ ಆ ತುದಿಗೆ ಹೋಗಿ ನ್ಯಾಟ್ ವಿಮಾನ ಜೋಡಿಸಿ ಸಂಜೆಗೆ ಮನೆ ಸೇರುವವರು ಇಲ್ಲಿನ ಕ್ರಾಸುಗಳಲ್ಲೂ ಇದ್ದರು. 1961ರ ಜೂನ್ 17ರಂದು ಜರ್ಮನಿಯ ಕುರ್ಟ್ ಟ್ಯಾಂಕ್ ರೂಪಿಸಿದ ಮಾರುತ್ ಯುದ್ಧವಿಮಾನ ಈ ಊರಿನ ಆಕಾಶದಲ್ಲೇ ಮೊದಲು ಹಾರಿತು. ಹೀಗಾಗಿ 1965ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನವರಿಗೆ ಯುದ್ಧದ ಸುದ್ದಿ ಅಂದರೆ ಸಾಲದು, ತಾವು ಮಾಡಿದ ವಿಮಾನ ಹೇಗೆ ಹಾರಿತು ಎಂಬ ಕುತೂಹಲವೂ ಇತ್ತು.

ಆ ಸೆಪ್ಟೆಂಬರಿನಲ್ಲಿ ಕೊಡಗಿನ ಇಬ್ಬರು ಪೈಲಟ್‌ಗಳ ದಾರಿ ಎರಡಾಯಿತು. ಮೊದಲನೆಯವರು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. 7ನೇ ತಾರೀಖು ಪಂಜಾಬಿನ ಆದಂಪುರದಿಂದ ಒಂದನೇ ಸ್ಕ್ವಾಡ್ರನ್ನಿನ ಮಿಸ್ಟೀರ್ ಯುದ್ಧವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟಾಗ ಅವರು ಕಾಯ್ದಿರಿಸಿದ ಪೈಲಟ್. ಯಾರಾದರೂ ಹಿಂದೆ ಸರಿದರೆ ಮಾತ್ರ ಅವರ ಸರದಿ. ಹಾಗೆ ಸೇರಿಕೊಂಡವರು ವಾಪಸಾಗುವ ದಾರಿಯಲ್ಲಿ ತಮಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಒಂದಕ್ಕೆ ಎದುರಾದರು. ಏಟು ತಿಂದೂ ತಿರುಗಿಬಿದ್ದು ಅದನ್ನು ಉರುಳಿಸಿದರು. ಎದುರಾಳಿ ಅಮ್ಜದ್ ಹುಸೇನ್ ಪ್ಯಾರಾಚೂಟಿನಲ್ಲಿ ಇಳಿದು ಉಳಿದರು, ದೇವಯ್ಯ ಉಳಿಯಲಿಲ್ಲ. ಇಷ್ಟು ಗೊತ್ತಾಗುವುದಕ್ಕೆ ನಮಗೆ ವರ್ಷಗಟ್ಟಲೆ ಹಿಡಿಯಿತು. ಅಲ್ಲಿಯವರೆಗೆ ಅವರು ಕಾಣೆಯಾದವರ ಪಟ್ಟಿಯಲ್ಲಿ ಒಂದು ಹೆಸರಷ್ಟೆ. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ಕಡೆಯಿಂದ ಬರೆದ ಪುಸ್ತಕದಲ್ಲಿ ಆ ಕಾಳಗದ ವಿವರ ಬಂತು. ದಾಳಿಯ ನಾಯಕರಾಗಿದ್ದ ಓ.ಪಿ. ತನೇಜಾ ಬೆನ್ನುಹತ್ತಿದರು. 1988ರಲ್ಲಿ ಮಹಾವೀರ ಚಕ್ರ ದೇವಯ್ಯನವರ ಮಡದಿಯ ಕೈ ಸೇರಿತು. ಹಿಂದಿ ಸಿನಿಮಾ ‘ಸ್ಕೈ ಫೋರ್ಸ್’ ಇದನ್ನೇ ಹೆಸರು ಬದಲಿಸಿ ಹೇಳಿತು. ಆ ಹೆಸರು ಬದಲಿಸಿದ್ದು ನನಗೆ ಇಂದಿಗೂ ಸರಿಬಂದಿಲ್ಲ.

ಎರಡನೆಯವರು ನಂದಾ. ಹಂಟರ್‌ಗಳ 20ನೇ ಸ್ಕ್ವಾಡ್ರನ್ನಿನಲ್ಲಿ ಫ್ಲೈಟ್ ಲೆಫ್ಟಿನೆಂಟ್, ವಯಸ್ಸು 27. ಸೆಪ್ಟೆಂಬರ್ 22, ಯುದ್ಧದ ಕೊನೆಯ ದಿನ. ಮರುದಿನ ಬೆಳಗಿನ ಜಾವ 3.30ಕ್ಕೆ ಕದನವಿರಾಮ ಜಾರಿಗೆ ಬರುವುದಿತ್ತು. ಖೇಮ್‌ಕರಣ್‌–ಕಸೂರ್ ಭಾಗದಲ್ಲಿ ಶತ್ರುಸೇನೆಯ ಮೇಲೆ ಕೆಳಮಟ್ಟದ ದಾಳಿ. ನೆಲದ ಗುರಿಗೆ ಹೊಡೆಯುವ ಕೆಲಸದಲ್ಲಿ ಆಕಾಶದ ದ್ವಂದ್ವಯುದ್ಧದ ಮೆರುಗಿಲ್ಲ. ಗುರಿಯತ್ತ ಇಳಿಯಬೇಕು, ಹೊಡೆಯಬೇಕು, ಮೇಲೇಳಬೇಕು; ಆ ಕೆಲವು ಕ್ಷಣ ಕೆಳಗಿನ ಪ್ರತಿಯೊಂದು ಬಂದೂಕಿಗೂ ವಿಮಾನ ಗುರಿಯೇ. ನೆಲದಿಂದ ಬಂದ ಗುಂಡು ನಂದಾ ಅವರ ಹಂಟರಿಗೆ ತಾಗಿತು. ಅವರು ಹೊರಕ್ಕೆ ಚಿಮ್ಮಿದರು. ಬಿದ್ದದ್ದು ಗಡಿಯ ಆಚೆ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ವಾಟ್ಸ್‌ಆ್ಯಪ್ ಕತೆ ಇಲ್ಲಿಂದ ನೇರ ಅಪ್ಪನ ಮನೆಗೆ ಹಾರಿಬಿಡುತ್ತದೆ. ಇಜೆಕ್ಟ್ ಆಗುವುದೆಂದರೆ ಬಾಗಿಲು ತೆಗೆದು ಜಿಗಿಯುವುದಲ್ಲ. ಕುರ್ಚಿಯ ಅಡಿಯ ಮದ್ದು ಸಿಡಿದು, ಕುರ್ಚಿ ಸಮೇತ ಮನುಷ್ಯನನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮೇಲಕ್ಕೆ ಒದೆಯುತ್ತದೆ. ದೇಹದ ತೂಕ ಒಮ್ಮೆಗೇ ಹತ್ತಾರು ಪಟ್ಟಾದಂತೆ. ಆ ಹೊಡೆತವನ್ನು ತಡೆದುಕೊಳ್ಳಬೇಕಾದದ್ದು ಬೆನ್ನುಮೂಳೆ. ಕೂತ ಭಂಗಿ ತುಸು ಓರೆಯಾಗಿದ್ದರೂ ಮೂಳೆಯ ಬಿಲ್ಲೆಗಳು ನಜ್ಜಾಗುತ್ತವೆ. ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ 1957ರಿಂದ ಇರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯ ನಿತ್ಯದ ಕೆಲಸಗಳಲ್ಲಿ ಇದೂ ಒಂದು: ಹೀಗೆ ಚಿಮ್ಮಿ ಬಂದವನ ಬೆನ್ನು ನೋಡಿ ಇವನು ಮತ್ತೆ ಹಾರಬಹುದೇ, ಹಾರಿದರೆ ಯಾವ ವಿಮಾನ ಎಂದು ತೀರ್ಮಾನಿಸುವುದು. ಜೀವ ಉಳಿಸಿದ ಕುರ್ಚಿಯೇ ಎಷ್ಟೋ ಪೈಲಟ್‌ಗಳ ವೃತ್ತಿ ಮುಗಿಸಿದೆ. ನಂದಾ ಅವರಿಗೂ ಪೆಟ್ಟಾದದ್ದು ಬೆನ್ನುಮೂಳೆಗೆ.

ಯುದ್ಧಕೈದಿ ಹೇಳಬೇಕಾದದ್ದು ಹೆಸರು, ದರ್ಜೆ, ಸಂಖ್ಯೆ. ಅಷ್ಟೇ ಸಾಕಾಯಿತು, ಆ ಹೆಸರು ಪಾಕಿಸ್ತಾನದ ಹಿರಿಯ ಅಧಿಕಾರಿಗಳಿಗೆ ಪರಿಚಿತ. ಅವಿಭಜಿತ ಭಾರತದ ವಾಯವ್ಯ ಗಡಿಯಲ್ಲಿ ಬನ್ನು ಬ್ರಿಗೇಡನ್ನು ಕಾರ್ಯಪ್ಪ ನಡೆಸುತ್ತಿದ್ದಾಗ ಅಯೂಬ್ ಅವರ ಕೆಳಗಿದ್ದರು. ರೇಡಿಯೋ ಪಾಕಿಸ್ತಾನ ಸುದ್ದಿ ಸಾರಿತು, ಅಯೂಬ್ ಅವರ ಸಂದೇಶ ಬಂತು, ಉತ್ತರ ಹೋಯಿತು. ಆಸ್ಪತ್ರೆಯಲ್ಲಿದ್ದ ನಂದಾ ಅವರನ್ನು ನೋಡಲು ಅಯೂಬ್ ಪತ್ನಿ ತಮ್ಮ ಮಗನೊಡನೆ ಬಂದರಂತೆ. ಕೈಯಲ್ಲಿ ಸ್ಟೇಟ್ ಎಕ್ಸ್‌ಪ್ರೆಸ್ ಸಿಗರೇಟು ಮತ್ತು ಪಿ.ಜಿ. ವುಡ್‌ಹೌಸ್ ಕಾದಂಬರಿ. ನಂದಾ ಅವರೇ ಮುಂದೆ ಇದನ್ನು ಹೇಳಿಕೊಂಡಿದ್ದಾರೆ. ಶತ್ರುದೇಶದ ಆಸ್ಪತ್ರೆಯ ಮಂಚದ ಮೇಲೆ, ಮುರಿದ ಬೆನ್ನಿನೊಡನೆ, ವುಡ್‌ಹೌಸ್ ಓದಿ ನಗುವುದು! ಬೆನ್ನುನೋವಿದ್ದವರಿಗೆ ಗೊತ್ತು, ನಗುವೂ ಸುಲಭವಲ್ಲ.

ಆ ಸಿಗರೇಟು ಮತ್ತು ಪುಸ್ತಕ ಬಿಟ್ಟರೆ ಬಿಡುಗಡೆಯ ವಿಷಯದಲ್ಲಿ ರಿಯಾಯಿತಿ ಸಿಗಲಿಲ್ಲ. ಜನವರಿ 10ಕ್ಕೆ ತಾಷ್ಕೆಂಟ್ ಒಪ್ಪಂದ. ಮರುದಿನವೇ ಪ್ರಧಾನಿ ಶಾಸ್ತ್ರೀಜಿ ಇಲ್ಲ. 1966ರ ಜನವರಿ 22ರಂದು ಉಳಿದ ಪೈಲಟ್ ಕೈದಿಗಳ ಜೊತೆಗೇ ನಂದಾ ಮರಳಿದರು. ಸೆರೆ ಸಿಕ್ಕಿ ಸರಿಯಾಗಿ ನಾಲ್ಕು ತಿಂಗಳು. ಅಪ್ಪನ ಉತ್ತರವನ್ನು ತ್ಯಾಗವೆಂದು ಹೊಗಳುವವರು ಇನ್ನೊಂದು ಮಗ್ಗುಲು ನೋಡುವುದಿಲ್ಲ. ಅಂದು ನಂದಾ ಒಬ್ಬರೇ ಮೊದಲು ಬಂದಿದ್ದರೆ ಮುಂದಿನ ಮೂವತ್ತು ವರ್ಷ ಪ್ರತಿ ಬಡ್ತಿಯಲ್ಲೂ ಆ ಬಿಡುಗಡೆಯ ಮಾತು ಬರುತ್ತಿತ್ತು. ಜೊತೆಯವರನ್ನು ಬಿಟ್ಟು ಬಂದವನ ಮಾತನ್ನು ಯಾವ ಸ್ಕ್ವಾಡ್ರನ್ ಕೇಳೀತು? ಎಲ್ಲರೊಡನೆ ಬಂದದ್ದರಿಂದ ಅವರ ವೃತ್ತಿ ಅವರದೇ ಆಗಿ ಉಳಿಯಿತು. ಆಗ ಅವರಿಗೆ ಹೀಗೆ ಅನ್ನಿಸಿತೋ ಇಲ್ಲವೋ, ನನಗಂತೂ ಹಾಗೆ ಕಾಣುತ್ತದೆ.

ಅದೇ ಸೆರೆಯಿಂದ ಬಂದ ಇನ್ನೊಬ್ಬರು ಬ್ರಿಜ್‌ಪಾಲ್ ಸಿಂಗ್ ಸಿಕಂದ್. ಅವರ ನ್ಯಾಟ್ ಯುದ್ಧದ ಆರಂಭದಲ್ಲೇ ಪಸ್ರೂರಿನ ಪಾಕಿಸ್ತಾನಿ ರನ್‌ವೇಯಲ್ಲಿ ಇಳಿದುಬಿಟ್ಟಿತು. ಆ ವಿಮಾನ ಈಗಲೂ ಕರಾಚಿಯ ವಾಯುಪಡೆ ಮ್ಯೂಸಿಯಮ್ಮಿನಲ್ಲಿ ಪ್ರದರ್ಶನಕ್ಕಿದೆ. ಸಿಕಂದ್ ಕೂಡ ಏರ್ ಮಾರ್ಷಲ್ ದರ್ಜೆಗೇರಿದರು. ಸೆರೆಯಾದದ್ದು ಕಳಂಕವೆಂದು ನಮ್ಮ ವಾಯುಪಡೆ ಬಗೆಯಲಿಲ್ಲ ಎಂಬುದಕ್ಕೆ ಈ ಇಬ್ಬರು ಸಾಕು.

ದರ್ಜೆಯ ವಿಷಯಕ್ಕೆ ಬಂದರೆ ಒಂದು ಸ್ವಾರಸ್ಯವಿದೆ. 1965ರ ಯುದ್ಧ ನಡೆಸಿದ ಅರ್ಜನ್ ಸಿಂಗ್ ಆಗ ಏರ್ ಮಾರ್ಷಲ್ ಮಾತ್ರ. ವಾಯುಪಡೆಯ ಮುಖ್ಯಸ್ಥನ ಹುದ್ದೆಯೇ ಅಷ್ಟರದು. ಅದನ್ನು ಏರ್ ಚೀಫ್ ಮಾರ್ಷಲ್‌ಗೆ ಏರಿಸಿದ್ದು 1966ರ ಜನವರಿಯಲ್ಲಿ, ನಂದಾ ಮನೆಗೆ ಬಂದ ಅದೇ ತಿಂಗಳು. ಅಂದರೆ ಬೆನ್ನು ಮುರಿದುಕೊಂಡ ಆ ಫ್ಲೈಟ್ ಲೆಫ್ಟಿನೆಂಟ್ ಕೊನೆಗೆ ಹೆಗಲಿಗೆ ಹಾಕಿಕೊಂಡದ್ದು, ತಾನು ಬಿದ್ದ ದಿನ ಇಡೀ ಪಡೆಯ ಒಡೆಯನ ಹೆಗಲ ಮೇಲಿದ್ದ ದರ್ಜೆ. ನಡುವೆ ಸ್ಕ್ವಾಡ್ರನ್ ಲೀಡರ್, ವಿಂಗ್ ಕಮಾಂಡರ್, ಗ್ರೂಪ್ ಕ್ಯಾಪ್ಟನ್, ಏರ್ ಕಮೋಡೋರ್, ಏರ್ ವೈಸ್ ಮಾರ್ಷಲ್ ಎಂಬ ಐದು ಮೆಟ್ಟಿಲು. ವಿಂಗ್ ಕಮಾಂಡರ್ ಆಗುವವರೆಗೆ ಕೈಯಲ್ಲಿ ವಿಮಾನ ಹೆಚ್ಚು. ಅಲ್ಲಿಂದಾಚೆಗೆ ಕಡತ ಹೆಚ್ಚು. ಮೇಲೆ ಹೋದಷ್ಟೂ ಕುರ್ಚಿ ಕಡಿಮೆ, ಬ್ಯಾಚಿನ ಬಹುಪಾಲು ಜನ ದಾರಿಯಲ್ಲೇ ಇಳಿಯುತ್ತಾರೆ.

ನಂದಾ ಹಿಡಿದ ದಾರಿ ಅದರಲ್ಲೂ ನೇರವಾದದ್ದಲ್ಲ. 1971ರ ಯುದ್ಧದ ಹೊತ್ತಿಗೆ ಅವರು ಉತ್ತರ ಬಂಗಾಳದ ಹಾಸಿಮಾರಾದಲ್ಲಿ 111ನೇ ಹೆಲಿಕಾಪ್ಟರ್ ಘಟಕದ ಮುಖ್ಯಸ್ಥ. ಹಂಟರಿನಿಂದ ಹೆಲಿಕಾಪ್ಟರಿಗೆ! ಫೈಟರ್ ಪೈಲಟ್‌ಗಳ ಜಗತ್ತಿನಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಕೀಳು ಎನ್ನುವುದಿಲ್ಲ, ಆದರೆ ಮೆಸ್ಸಿನ ಮಾತುಗಳಲ್ಲಿ ಫೈಟರ್‌ನವರದೇ ಒಂದು ಜಾತಿ. ಹೆಲಿಕಾಪ್ಟರ್ ಹಾರಿಸಿದವರೊಬ್ಬರು ವಾಯುಪಡೆಯ ಮುಖ್ಯಸ್ಥರಾಗಲು 2007ರವರೆಗೆ, ಫಾಲಿ ಮೇಜರ್ ಅವರವರೆಗೆ ಕಾಯಬೇಕಾಯಿತು ಎಂದರೆ ಅಂದಾಜು ಸಿಗಬಹುದು. ಆದರೆ 1971ರಲ್ಲಿ ಪೂರ್ವದ ರಂಗದಲ್ಲಿ ಹೆಲಿಕಾಪ್ಟರ್ ಮಾಡಿದ ಕೆಲಸವನ್ನು ಯಾವ ಜೆಟ್ಟೂ ಮಾಡಲಾರದಾಗಿತ್ತು. ಸೇತುವೆ ಮುರಿದಿದ್ದ ಮೇಘನಾ ನದಿಯನ್ನು ಜನರಲ್ ಸಗತ್ ಸಿಂಗ್ ಅವರ ಪಡೆ ದಾಟಿದ್ದು ಮಿ-4 ಹೆಲಿಕಾಪ್ಟರುಗಳಲ್ಲಿ. ಢಾಕಾದ ದಾರಿ ತೆರೆದದ್ದೇ ಹಾಗೆ. ಹಾಸಿಮಾರಾ ಆ ನದಿಯಿಂದ ಬಹಳ ಉತ್ತರಕ್ಕೆ, ಭೂತಾನದ ಬುಡದಲ್ಲಿ. ಕಿರಿದಾದ ಸಿಲಿಗುರಿ ಪಟ್ಟಿಯ ಮಗ್ಗುಲಲ್ಲಿ. ಅಲ್ಲಿಯ ಹೆಲಿಕಾಪ್ಟರಿನವನ ದಿನಚರಿ ಪತ್ರಿಕೆಯ ಮುಖಪುಟಕ್ಕೆ ಬರುವಂಥದ್ದಲ್ಲ: ಗಾಯಾಳುವನ್ನು ತರುವುದು, ಕೊಟ್ಟ ಸಾಮಾನನ್ನು ಮುಟ್ಟಿಸುವುದು, ಮಂಜು ಸರಿಯುವುದನ್ನು ಕಾಯುವುದು.

ಆಮೇಲಿನ ಎರಡೂವರೆ ದಶಕ ಹೆಚ್ಚು ಸದ್ದಿಲ್ಲದ ಏರಿಕೆ. 1986ರಲ್ಲಿ ಅಪ್ಪನಿಗೆ ಫೀಲ್ಡ್ ಮಾರ್ಷಲ್ ಗೌರವ ಬಂದಾಗ ದೇಶಕ್ಕೆ ಮತ್ತೆ ಅಪ್ಪನೇ ಕಂಡರು. 1993ರ ಮೇ 15ರಂದು ಹಿರಿಯ ಕಾರ್ಯಪ್ಪ ಬೆಂಗಳೂರಿನಲ್ಲಿ ತೀರಿಕೊಂಡರು, ಅಂತ್ಯಕ್ರಿಯೆ ಮಡಿಕೇರಿಯಲ್ಲಿ ನಡೆಯಿತು. 1996ರಲ್ಲಿ ಮಗನೂ ಸಮವಸ್ತ್ರ ಕಳಚಿದರು. ಬೆಂಗಳೂರಿನ ರೆಸಿಡೆನ್ಸಿ ರಸ್ತೆಗೆ ಅಪ್ಪನ ಹೆಸರಿದೆ, ಮಡಿಕೇರಿಯ ಒಂದು ವೃತ್ತಕ್ಕೆ ದೇವಯ್ಯನವರ ಹೆಸರಿದೆ. ಬದುಕಿ ಬಂದವರಿಗೆ ವೃತ್ತ ಸಿಗುವುದು ಕಡಿಮೆ. 2007ರಲ್ಲಿ ಏರ್ ಮಾರ್ಷಲ್ ಒಂದು ಪುಸ್ತಕ ಬರೆದರು ಎಂದು ಕೇಳಿ, ಸದ್ಯ ಈಗಲಾದರೂ ಹಂಟರು, ಹಾಸಿಮಾರಾ ಎಲ್ಲ ಬಂತು ಎಂದು ಕೈಗೆತ್ತಿಕೊಂಡರೆ ಅದು ಅಪ್ಪನ ಜೀವನಚರಿತ್ರೆ!

ನಿವೃತ್ತಿಯ ನಂತರ ಅವರು ನೆಲೆ ನಿಂತದ್ದು ಅಪ್ಪ ಬಾಳಿದ ಮನೆ, ಮಡಿಕೇರಿಯ ‘ರೋಷನಾರಾ’ದಲ್ಲಿ. ರೋಷನಾರಾದಲ್ಲಿದ್ದುಕೊಂಡು ಏರ್ ಮಾರ್ಷಲ್ ಕೈಹಾಕಿದ್ದು ಯುದ್ಧದ ನೆನಪುಗಳಿಗಲ್ಲ, ಕೊಡಗಿನ ಕಾಡಿಗೆ. ಕೊಡಗು ಮಾಡೆಲ್ ಫಾರೆಸ್ಟ್ ಟ್ರಸ್ಟಿನಂಥ ಪರಿಸರ ಸಂಸ್ಥೆಗಳಲ್ಲಿ ಅವರು ದುಡಿದರು. ಕಾಫಿ ತೋಟದ ನೆರಳಿನ ಮರ, ದೇವರಕಾಡು, ಹೊಳೆದಂಡೆ, ಇವುಗಳ ಮಾತು ಬಂದಾಗ ಕೊಡಗಿನಲ್ಲಿ ಅವರ ದನಿ ಇತ್ತು. 2018ರ ಆಗಸ್ಟಿನಲ್ಲಿ ಗುಡ್ಡಗಳೇ ಜಾರಿದ ಮೇಲೆ ಆ ಮಾತನ್ನು ಹಳೇ ಅಧಿಕಾರಿಯ ಹವ್ಯಾಸವೆಂದು ತಳ್ಳಿಹಾಕುವುದು ಯಾರಿಗೂ ಸಾಧ್ಯವಾಗಲಿಲ್ಲ. ಇದು ಮಡಿಕೇರಿಯವರ ಸಮಾಚಾರ, ಮಲ್ಲೇಶ್ವರಂಗೆ ಏನಾಗಬೇಕು ಎನ್ನುವವರು ಮನೆಯ ಸಂಪನ್ನು ನೆನೆಯಬಹುದು. ತಲಕಾವೇರಿಯಲ್ಲಿ ಹುಟ್ಟಿ, ಆ ಗುಡ್ಡಗಳ ಮಳೆಯನ್ನೇ ಕುಡಿದು ಬೆಳೆದ ಹೊಳೆ ತೊರೆಕಾಡನಹಳ್ಳಿಯಲ್ಲಿ ಪಂಪಿಗೆ ಸಿಕ್ಕಿ ಸುಮಾರು ನೂರು ಕಿಲೋಮೀಟರು ಹತ್ತಿ ನಮ್ಮ ನಲ್ಲಿಗೆ ಬರುತ್ತದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ಲನ್ನೇ ನಂಬಿದ ಹೊಸ ಬಡಾವಣೆಗಳು ಟ್ಯಾಂಕರಿಗೆ ಕಾದು ಕೂತಾಗ, ಕಾವೇರಿ ಬರುವ ಹಳೇ ಬಡಾವಣೆಗಳು ಅಷ್ಟು ಕಷ್ಟಪಡಲಿಲ್ಲ.