ಮಹಾಮಾರಿಯ ಕಾಲದ ದಾಂಪತ್ಯ: ಜನರ ನಂಬಿಕೆ ಮತ್ತು ವಸ್ತುಸ್ಥಿತಿ

2020ರ ಮಾರ್ಚ್ 25ರಂದು ಭಾರತದಲ್ಲಿ ಕೋವಿಡ್ ಲಾಕ್‌ಡೌನ್ ಆರಂಭವಾಗಿ, ಹಗಲಿರುಳೂ ಒಂದೇ ಸೂರಿನಡಿ ಕಾಲ ಕಳೆಯಬೇಕಾಗಿ ಬಂದ ಪತಿಪತ್ನಿಯರು ಪರಸ್ಪರ ಬೇಸತ್ತು ನ್ಯಾಯಾಲಯದ ಮೆಟ್ಟಿಲೇರುವರೆಂಬ ಭವಿಷ್ಯವಾಣಿ ಆಗ ಎಲ್ಲೆಡೆ ಕೇಳಿಬರುತ್ತಿತ್ತು. ಅದು ನಡೆದೇಹೋಯಿತೆಂದು ಇಂದಿಗೂ ನಂಬಿರುವವರುಂಟು. ಆದರೆ ಅಮೆರಿಕದ ಲೆಕ್ಕವನ್ನೇ ತೆಗೆದುಕೊಂಡರೆ, 2019ರಲ್ಲಿ ಸಾವಿರ ಜನರಿಗೆ 2.7ರಷ್ಟಿದ್ದ ವಿಚ್ಛೇದನಗಳು ಮರುವರ್ಷ 2.3ಕ್ಕೆ ಇಳಿದುವು. ಹಾಗೆಂದು ಸಂಸಾರಗಳೆಲ್ಲ ಸುಖಮಯವಾದುವೆಂದು ಹಿಗ್ಗುವುದೂ ತರವಲ್ಲ. ನ್ಯಾಯಾಲಯಗಳ ಕಲಾಪವೇ ಕುಂಠಿತವಾಗಿತ್ತು, ಬೇರೆ ಮನೆ ಹೂಡುವ ಶಕ್ತಿಯೂ ಅನೇಕರಿಗಿರಲಿಲ್ಲ.

ಇದಕ್ಕಿಂತ ಆಳವಾಗಿ ಬೇರೂರಿದ ಭ್ರಮೆಯೆಂದರೆ, ಚಿಂತೆ ಅವರವರ ಸ್ವಂತದ್ದು, ಧೀರರಾದವರು ಅದನ್ನು ಸಂಗಾತಿಗೆ ತೋರಗೊಡದೆ ಒಳಗೇ ನುಂಗಿಕೊಳ್ಳತಕ್ಕದ್ದು ಎಂಬುದು. ಒಬ್ಬರ ಕಳವಳ ಮುಚ್ಚಿಟ್ಟಷ್ಟೂ ಇನ್ನೊಬ್ಬರನ್ನು ತಾಗುವುದರಿಂದ ಅದನ್ನು ಇಬ್ಬರ ಹೊರೆಯೆಂದೇ ಎತ್ತಿಕೊಳ್ಳುವುದು ಹಿತವೆಂದು, ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಗೈ ಬೊಡೆನ್‌ಮನ್ನರು 1990ರ ದಶಕದಿಂದಲೂ ಪ್ರತಿಪಾದಿಸುತ್ತ ಬಂದಿದ್ದಾರೆ. ಮಹಾಮಾರಿಯ ಮೊದಲ ತಿಂಗಳುಗಳಲ್ಲಿ 27 ದೇಶಗಳ 14,020 ಜನರನ್ನು ವಿಚಾರಿಸಿದ ಅಧ್ಯಯನವೊಂದರಲ್ಲಿಯೂ, ಮನಃಕ್ಲೇಶವು ಸಂಬಂಧದ ಸೌಖ್ಯವನ್ನು ಕುಗ್ಗಿಸುವುದಾದರೂ, ಸಂಗಾತಿ ಹೆಗಲುಕೊಟ್ಟಿದ್ದಾರೆಂದು ಬಗೆದವರಲ್ಲಿ ಆ ಪೆಟ್ಟು ಮೃದುವಾಗಿತ್ತೆಂದು ಕಂಡುಬಂದಿತು.

ಹಾಗಾದರೆ ಪ್ರತಿಯೊಂದು ನೆರವನ್ನೂ ಎದ್ದುಕಾಣುವಂತೆ ನೀಡಬೇಕೆ? ನ್ಯೂಯಾರ್ಕಿನ ವಕೀಲಿ ಪರೀಕ್ಷೆಗೆ ಓದುತ್ತಿದ್ದವರೂ ಅವರ ಸಂಗಾತಿಗಳೂ ಬೇರೆ ಬೇರೆಯಾಗಿ ಬರೆದ ದಿನಚರಿಗಳನ್ನು ಹೋಲಿಸಿ ಮನಶ್ಶಾಸ್ತ್ರಜ್ಞ ನಿಯಾಲ್ ಬೋಲ್ಜರ್ ಮತ್ತು ಅವರ ಸಹೋದ್ಯೋಗಿಗಳು 2000ದಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆಯೇ ಮಾತನ್ನಾಡುತ್ತದೆ: ಒಬ್ಬರು ನೆರವಾದೆನೆಂದು ಬರೆದಿದ್ದು, ಇನ್ನೊಬ್ಬರು ಅದನ್ನು ಗಮನಿಸಿಯೇ ಇರದಿದ್ದ ದಿನಗಳಲ್ಲಿ ಪರೀಕ್ಷಾರ್ಥಿಯ ಮನಸ್ಸು ಹೆಚ್ಚು ನಿರಾಳವಾಗಿತ್ತು. ಪಡೆದ ಉಪಕಾರ ಕಣ್ಣಿಗೆ ಕಟ್ಟಿದಾಗ, ತನ್ನ ಕೈಲಾಗಲಿಲ್ಲವೆಂಬ ಅಳುಕೂ ಜೊತೆಗೇ ಹುಟ್ಟುತ್ತದೆ. ಬೆಂಗಳೂರಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಊಟದ ಮೇಜಿನ ಮೇಲೆಯೇ ಲ್ಯಾಪ್‌ಟಾಪ್ ಇರಿಸಿಕೊಂಡು ಹೆಂಡತಿ ಕಚೇರಿಯ ಸಭೆಯಲ್ಲಿದ್ದಾಗ, ಗಂಡನಾದವನು ಕುಕ್ಕರ್ ಕೂಗುವ ಮೊದಲೇ ಒಲೆ ಆರಿಸಿ, ರಚ್ಚೆಹಿಡಿದ ಮಗುವನ್ನು ಎತ್ತಿಕೊಂಡು ತಾರಸಿಗೆ ಹೋದರೆ ಅಷ್ಟೇ ಸಾಕು; ಸಂಜೆ ಅದರ ಲೆಕ್ಕ ಒಪ್ಪಿಸಬೇಕಾದುದಿಲ್ಲ. ಜೊತೆಗಿದ್ದಾರೆಂಬ ಭರವಸೆಯೇ ಬೇರೆ, ಉಪಕಾರದ ಪಟ್ಟಿಯೇ ಬೇರೆ.

ಪ್ರೀತಿಯೊಂದಿದ್ದರೆ ಮಿಕ್ಕುದೆಲ್ಲ ತಾನಾಗಿ ಸರಿಹೋಗುವುದೆಂಬ ಮಾತನ್ನು ಮಾತ್ರ ನಾನು ಸರ್ವಥಾ ಒಪ್ಪಲಾರೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ, ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷಗಳನ್ನೂ ಗಂಡಸರು 97 ನಿಮಿಷಗಳನ್ನೂ ವ್ಯಯಿಸುತ್ತಿದ್ದರು. ಇಂಥ ಹಂಚಿಕೆಯನ್ನು ಹೊತ್ತೇ ನಮ್ಮ ಮನೆಗಳು ಮಹಾಮಾರಿಯನ್ನು ಎದುರುಗೊಂಡುವು. ಹೊಡೆತ ಬಡಿತಗಳಿರುವ ಮನೆಯಲ್ಲಂತೂ, ಇಬ್ಬರೂ ಕೂಡಿ ಸಹಿಸಿರಿ ಎಂಬ ಉಪದೇಶವೇ ಅಪಾಯಕರ. ಮನೆಯಲ್ಲಿಯೇ ಸಿಕ್ಕಿಬಿದ್ದ ಹೆಂಗಸರ ದೂರುಗಳಿಗಾಗಿ ರಾಷ್ಟ್ರೀಯ ಮಹಿಳಾ ಆಯೋಗವು 2020ರ ಏಪ್ರಿಲ್‌ನಲ್ಲಿ ಪ್ರತ್ಯೇಕ ವಾಟ್ಸ್ಯಾಪ್ ಸಂಖ್ಯೆಯನ್ನೇ ತೆರೆಯಬೇಕಾಯಿತು. ಅಂಥವಳಿಗೆ ಬೇಕಾದುದು ರಕ್ಷಣೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಂತೆ, ದೂರಿತ್ತ ಮಾತ್ರಕ್ಕೆ ಗಂಡನ ಮನೆಯಿಂದ ಅವಳನ್ನು ಹೊರಹಾಕುವ ಅಧಿಕಾರ ಯಾರಿಗೂ ಇಲ್ಲ.