ಬಿಸಿಎ ಎಂದರೆ ಮೂಗು ಮುರಿಯುವ ಮೊದಲು

ಸಿಇಟಿ ರ‍್ಯಾಂಕ್ ಕೈಕೊಟ್ಟವರು ಸೇರುವ ಕೋರ್ಸ್ ಬಿಸಿಎ, ಸೇರಿದರೆ ಅಲ್ಲಿಗೇ ನಿಂತಂತೆ ಎಂಬ ಮಾತು ಪಿಯುಸಿ ಫಲಿತಾಂಶದ ವಾರ ಮನೆಮನೆಯಲ್ಲೂ ಕೇಳಿಬರುತ್ತದೆ. ನಾವೂ ಅದನ್ನು ನಂಬಿ ನೆಂಟರ ಮಕ್ಕಳಿಗೆ ಬುದ್ಧಿ ಹೇಳಿದವರೇ.

ವಾಸ್ತವ: ಬಿಇ 4 ವರ್ಷ, ಬಿಸಿಎ 3. ಮುಂದಿನ ಎಂಸಿಎ ಹಿಂದೆ 3 ವರ್ಷವಿತ್ತು; 2020-21ರಿಂದ 2 ವರ್ಷಕ್ಕಿಳಿದಿದೆ. ಬಿಇಗಿಂತ ಒಂದೇ ವರ್ಷ ಹೆಚ್ಚು ಓದಿದರೆ ಸ್ನಾತಕೋತ್ತರ ಪದವಿಯೇ ಸಿಗುತ್ತದೆ. ಹಳೆಯ ಲೆಕ್ಕ ಹಿಡಿದು ಆರು ವರ್ಷ ಹಾಳು ಎನ್ನುವವರು ಇನ್ನೂ ಇದ್ದಾರೆ! ಪ್ರೋಗ್ರಾಮಿಂಗ್, ಡೇಟಾಬೇಸ್, ನೆಟ್‌ವರ್ಕ್ ಬಿಸಿಎ, ಕಂಪ್ಯೂಟರ್ ಸೈನ್ಸ್ ಬಿಇ ಎರಡರಲ್ಲೂ ಇವೆ. ಎಂಜಿನಿಯರಿಂಗ್ ಗಣಿತ, ಹಾರ್ಡ್‌ವೇರ್ ಬಿಇಯಲ್ಲಿ ಹೆಚ್ಚು. ಕೆಲವು ಕಂಪನಿಗಳು ಬಿಇ ಆದವರನ್ನಷ್ಟೇ ಕರೆಯುತ್ತವೆ, ನಿಜ. ಆದರೆ ವಿಪ್ರೊ ಬಿಸಿಎ, ಬಿಎಸ್ಸಿ ಮುಗಿಸಿದವರನ್ನು ಕೆಲಸಕ್ಕೆ ತೆಗೆದುಕೊಂಡು, ಸಂಬಳ ಕೊಡುತ್ತಲೇ ಎಂ.ಟೆಕ್ ಓದಿಸುವ ಯೋಜನೆ ನಡೆಸುತ್ತ ಬಂದಿದೆ. 2024-25ರಿಂದ ಬಿಸಿಎ ಕೂಡ ಎಂಜಿನಿಯರಿಂಗ್ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ ವ್ಯಾಪ್ತಿಯಲ್ಲಿದೆ.

ಸೈನ್ಸ್ ಓದದವರಿಗೆ ಈ ಕಡೆ ದಾರಿಯೇ ಇಲ್ಲವಂತೆ.

ವಾಸ್ತವ: ಕಾಮರ್ಸ್‌ನವರನ್ನು ಬಿಸಿಎಗೆ ಸೇರಿಸಿಕೊಳ್ಳುವ ಕಾಲೇಜುಗಳು ಬೇಕಾದಷ್ಟಿವೆ. ತೊಡಕು ಗಣಿತದ್ದು. ಬೇರೆ ಪದವಿ ಮುಗಿಸಿ ಎಂಸಿಎಗೆ ಬರುವವರು ಪಿಯುಸಿಯಲ್ಲೋ ಪದವಿಯಲ್ಲೋ ಗಣಿತ ಓದಿರಬೇಕು ಎಂದು ಹಲವೆಡೆ ಕೇಳುತ್ತಾರೆ.

ಮನೆಯಲ್ಲೇ ಕೂತು ಪಡೆದ ದೂರಶಿಕ್ಷಣದ ಡಿಗ್ರಿಗೆ ಬೆಲೆ ಇಲ್ಲ ಎನ್ನುವವರೂ ಉಂಟು.

ವಾಸ್ತವ: ಮಾನ್ಯತೆ ಪಡೆದ ದೂರಶಿಕ್ಷಣ, ಆನ್‌ಲೈನ್ ಪದವಿಗಳು ರೆಗ್ಯುಲರ್ ಪದವಿಗೆ ಸಮ ಎಂದು ಯುಜಿಸಿ 2022ರಲ್ಲೇ ಸ್ಪಷ್ಟಪಡಿಸಿದೆ. ಇಗ್ನೋದ ಬಿಸಿಎ, ಎಂಸಿಎ ಹೀಗೆ ಓದುವಂಥವೇ. ಅನುಮಾನ ಪಡಬೇಕಾದ್ದು ಬೇರೆ ಕಡೆ: ದೂರಶಿಕ್ಷಣದಲ್ಲಿ ಬಿಇ ಕೊಡಿಸುತ್ತೇವೆ ಎಂದು ಯಾರಾದರೂ ಬಂದರೆ ದುಡ್ಡು ಬಿಚ್ಚಬೇಡಿ. ಆ ಕ್ರಮದಲ್ಲಿ ಎಂಜಿನಿಯರಿಂಗ್ ಕಲಿಸಲು ಅನುಮತಿಯೇ ಇಲ್ಲ.

ಇನ್ನು ಕಂಪ್ಯೂಟರ್ ಓದಿದವರು ಹೋಗಬಹುದಾದ ಮತ್ತೊಂದು ದಾರಿ, ಶೈಕ್ಷಣಿಕ ತಂತ್ರಜ್ಞಾನ. ಅದು ತರಗತಿಗೆ ಸ್ಮಾರ್ಟ್‌ಬೋರ್ಡ್ ಜೋಡಿಸುವ ಕೆಲಸ ಎಂದು ಹೆಚ್ಚಿನವರ ತಿಳಿವಳಿಕೆ.

ವಾಸ್ತವ: ಬೋರ್ಡ್ ಜೋಡಿಸಲು ಟೆಕ್ನಿಷಿಯನ್ ಸಾಕು. 2017ರಲ್ಲಿ ಶುರುವಾದ, ಶಾಲಾ ಪಾಠಗಳ ಡಿಜಿಟಲ್ ವೇದಿಕೆ ದೀಕ್ಷಾ ನೋಡಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಪಾಠ ತೆರೆಯುತ್ತದೆ. ಅಲ್ಲಿ ವಿಡಿಯೊ ಇರಬೇಕೋ ಪ್ರಶ್ನೆ ಇರಬೇಕೋ, ಮಗು ಎಲ್ಲಿ ಎಡವಿತು, ಅದನ್ನು ಕಂಡುಹಿಡಿಯುವುದು ಹೇಗೆ? ಈ ವಿದ್ಯೆ ಕೇಳುವುದು ಇಂಥವನ್ನು. ಐಐಟಿ ಬಾಂಬೆಯಲ್ಲಿ ಇದರಲ್ಲಿ ಪಿಎಚ್.ಡಿ. ಮಾಡಬಹುದು. ಆದರೆ ಸರ್ಕಾರಿ ಪ್ರೌಢಶಾಲೆಯ ಮೇಷ್ಟ್ರಾಗುವ ಆಸೆಯಿದ್ದವರು ನೆನಪಿಡಿ: ಅಲ್ಲಿ ಕೇಳುವುದು ಬಿ.ಎಡ್., ಅದಕ್ಕೆ ಪದವಿಯ ಮೇಲೆ 2 ವರ್ಷ ಬೇರೆ.