ಮನೆಯ ಸ್ಟುಡಿಯೋದಲ್ಲಿ ಕೀಬೋರ್ಡ್ ಸಂಗೀತ: ಗಮಕ ಉಳಿಸಿಕೊಳ್ಳುವುದು ಹೇಗೆ?

ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಂಡೆಯ ಮೇಲಿರುವ ರುದ್ರಪಟ್ಟಣ ಸಂಗೀತಗಾರರ ಗ್ರಾಮವೆಂದೇ ನಾಡಿಗೆ ಪರಿಚಿತ. ವಿದ್ವಾನ್ ಆರ್.ಕೆ. ಶ್ರೀಕಂಠನ್ 1920ರಲ್ಲಿ ಜನಿಸಿದ್ದು ಇಲ್ಲಿಯೇ. ಇಂತಹ ಪರಂಪರೆಯ ನೆರೆಯಲ್ಲಿ ಕೀಬೋರ್ಡ್ ನುಡಿಸುವವರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. ಒಂದು ಸ್ಥಾಯಿಗೆ ಹನ್ನೆರಡೇ ಕೀಲಿಗಳಿರುವ ವಾದ್ಯದಲ್ಲಿ ಗಮಕ ಎಲ್ಲಿಂದ ಬರಬೇಕು?

ಪ್ರಶ್ನೆ ಹಳೆಯದು. ಸ್ವರದಿಂದ ಸ್ವರಕ್ಕೆ ಜಾರಲಾರದೆಂಬ ಆಕ್ಷೇಪಕ್ಕೆ ಗುರಿಯಾಗಿದ್ದ ಹಾರ್ಮೋನಿಯಂ ಅನ್ನು ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಹೊರಗಿಟ್ಟಿತು. ನಿಷೇಧ ಸಡಿಲಗೊಳ್ಳಲು ಮೂರು ದಶಕಗಳೇ ಬೇಕಾದವು. ಆದರೆ ಹಾರ್ಮೋನಿಯಂಗೆ ಇಲ್ಲದ ಒಂದು ಅನುಕೂಲ ಇಂದಿನ ಕೀಬೋರ್ಡಿಗೆ ಇದೆ. ಎಡತುದಿಯಲ್ಲಿರುವ ಪಿಚ್ ಬೆಂಡ್ ಚಕ್ರವೇ ಅದು. ಅದರ ಮಾತಿಗೆ ಮುನ್ನ ಧ್ವನಿಮುದ್ರಣದ ಕ್ರಮವನ್ನು ಗಮನಿಸೋಣ.

ಮನೆಯಲ್ಲಿ ವೀಣೆಗೋ ಕೊಳಲಿಗೋ ಮೈಕ್ ಇಟ್ಟರೆ ಚನ್ನರಾಯಪಟ್ಟಣದಲ್ಲಿ ಹೆದ್ದಾರಿಯ ಲಾರಿ, ಹೊಳೆನರಸೀಪುರದಲ್ಲಿ ರೈಲಿನ ಸಿಳ್ಳೆ, ಅರಕಲಗೂಡಿನಲ್ಲಿ ಶೀಟಿನ ಮೇಲೆ ಬೀಳುವ ಮುಂಗಾರು ಮಳೆ, ಇವೆಲ್ಲವೂ ಪಕ್ಕವಾದ್ಯಗಳಂತೆ ಬಂದು ಕೂರುತ್ತವೆ. ಕೀಬೋರ್ಡಿಗೆ ಮೈಕ್ ಬೇಕಿಲ್ಲ. ಅದರ ಧ್ವನಿಯನ್ನು ಕೇಬಲ್ ಮೂಲಕ ಆಡಿಯೋ ಇಂಟರ್‌ಫೇಸ್‌ಗೆ, ಅಲ್ಲಿಂದ ಕಂಪ್ಯೂಟರಿಗೆ ನೇರವಾಗಿ ಕೊಡಬಹುದು. ಗೋಡೆಗೆ ದುಬಾರಿ ಹೊದಿಕೆ ಹಾಕಿಸಬೇಕೆಂಬ ಚಿಂತೆ ಇಲ್ಲಿ ಅನಗತ್ಯ.

ಇನ್ನೊಂದು ಮಾರ್ಗ ಮಿಡಿ. 1983ರಲ್ಲಿ ಬಳಕೆಗೆ ಬಂದ ಈ ವ್ಯವಸ್ಥೆಯಲ್ಲಿ ದಾಖಲಾಗುವುದು ಧ್ವನಿಯಲ್ಲ, ವಾದಕನ ಕ್ರಿಯೆ: ಯಾವ ಕೀಲಿ, ಎಷ್ಟು ರಭಸ, ಬೆರಳೆತ್ತಿದ್ದು ಯಾವಾಗ, ಚಕ್ರ ತಿರುಗಿದ್ದೆಷ್ಟು. ಆದ್ದರಿಂದ ನುಡಿಸಿಯಾದ ಮೇಲೂ ಕೊಳಲಿನ ನಾದವನ್ನು ಪಿಟೀಲಿನದಾಗಿ ಬದಲಿಸಬಹುದು, ತಪ್ಪಿದ ಒಂದೇ ಸ್ವರವನ್ನು ತಿದ್ದಬಹುದು.

ಈಗ ಚಕ್ರದ ವಿಷಯ. ಮಿಡಿ ಕ್ರಮದಲ್ಲಿ ಅದರ ಚಲನೆಗೆ 16,384 ಹಂತಗಳಿವೆ. ಕಿವಿಗೆ ಅದು ಮೆಟ್ಟಿಲಾಗಿ ಕೇಳದೆ ಜಾರಾಗಿಯೇ ಕೇಳುತ್ತದೆ. ಸಾಮಾನ್ಯವಾಗಿ ಚಕ್ರವು ಸ್ವರವನ್ನು ಮೇಲಕ್ಕೆ ಎರಡು, ಕೆಳಕ್ಕೆ ಎರಡು ಅರ್ಧಸ್ವರದಷ್ಟು ಒಯ್ಯುವಂತೆ ಹೊಂದಿಸಿರುತ್ತಾರೆ. ದೀರ್ಘ ಜಾರು ಬೇಕಿದ್ದರೆ ಈ ವ್ಯಾಪ್ತಿಯನ್ನು ಹಿಗ್ಗಿಸಬಹುದು. ಆದರೆ ಹಿಗ್ಗಿಸಿದಷ್ಟೂ ಸೂಕ್ಷ್ಮ ಕಂಪನ ಕೈತಪ್ಪುತ್ತದೆ. ಇನ್ನೊಂದು ಎಚ್ಚರ ಅಗತ್ಯ: ಚಕ್ರ ತಿರುಗಿಸಿದರೆ ಆ ಚಾನೆಲ್‌ನಲ್ಲಿರುವ ಎಲ್ಲ ಸ್ವರಗಳೂ ಬಾಗುತ್ತವೆ. ಶ್ರುತಿಯ ಷಡ್ಜ–ಪಂಚಮಗಳೂ ಅದೇ ಚಾನೆಲ್‌ನಲ್ಲಿದ್ದರೆ ಗಮಕದ ಜೊತೆಗೆ ಶ್ರುತಿಯೂ ತೂಗಾಡುತ್ತದೆ! ಮೊದಲು ಶ್ರುತಿಯನ್ನು ಒಂದು ಟ್ರ್ಯಾಕ್‌ನಲ್ಲಿ ಮುದ್ರಿಸಿ, ಬಳಿಕ ಬಲಗೈ ಕೀಲಿಯ ಮೇಲೆ, ಎಡಗೈ ಚಕ್ರದ ಮೇಲೆ ಇರಿಸಿಕೊಂಡು ರಾಗವನ್ನು ಬೇರೆ ಟ್ರ್ಯಾಕ್‌ನಲ್ಲಿ ನುಡಿಸುವುದು ಸರಿಯಾದ ಕ್ರಮ.

ಕದನಕುತೂಹಲದಂತಹ ರಾಗ ಕೀಲಿಗಳಿಗೆ ಸುಲಭವಾಗಿ ಒಲಿಯುತ್ತದೆ. ತೋಡಿ, ಸಹಾನ ಹಾಗಲ್ಲ; ಅಲ್ಲಿ ಚಕ್ರದ ಮೇಲಿನ ಕೈಗೆ ತಿಂಗಳುಗಳ ಸಾಧನೆ ಬೇಕು. ಯಂತ್ರ ಇದನ್ನು ಕಲಿಸುವುದಿಲ್ಲ. ಗಾಯಕರೊಬ್ಬರ ಎದುರು ಕುಳಿತು ಹಾಡಿ ಕಲಿತವರ ಕೈಗೆ ಅದು ಬೇಗ ಹತ್ತುತ್ತದೆ.

ಹೊಸಬರನ್ನು ಕಾಡುವ ಮತ್ತೊಂದು ತೊಂದರೆ ವಿಳಂಬ. ಕೀಲಿ ಒತ್ತಿದ ತುಸು ಹೊತ್ತಿನ ಮೇಲೆ ನಾದ ಕೇಳಿಸಿದರೆ ತಾಳ ಜಾರುತ್ತದೆ. ತಂತ್ರಾಂಶದಲ್ಲಿ ಬಫರ್ ಎಂಬ ಸಂಖ್ಯೆಯೊಂದಿರುತ್ತದೆ. ಸೆಕೆಂಡಿಗೆ 48,000 ಮಾದರಿಗಳ ದರದಲ್ಲಿ ಅದು 1,024 ಇದ್ದರೆ ಸುಮಾರು 21 ಮಿಲಿಸೆಕೆಂಡ್ ವಿಳಂಬ, 128 ಇದ್ದರೆ ಮೂರಕ್ಕೂ ಕಡಿಮೆ. ನುಡಿಸುವಾಗ ತಗ್ಗಿಸಿ, ಮಿಶ್ರಣದ ವೇಳೆ ಏರಿಸಿಕೊಂಡರಾಯಿತು. ವಿದ್ಯುತ್ ಕೈಕೊಡುವ ಊರುಗಳಲ್ಲಿ ಯುಪಿಎಸ್ ಇರಲೇಬೇಕೆಂದು ಪ್ರತ್ಯೇಕವಾಗಿ ಹೇಳಬೇಕಿಲ್ಲ.

ಕೀಬೋರ್ಡಿನಲ್ಲೇ ಬರುವ ಸಿದ್ಧ ತಾಳಗಳು ಬಹುಪಾಲು ನಾಲ್ಕರ ಇಲ್ಲವೇ ಮೂರರ ಎಣಿಕೆಯವು. ಮಿಶ್ರಛಾಪು ಬೇಕಿದ್ದರೆ ಮೆಟ್ರೊನೋಮನ್ನು ಏಳಕ್ಕೆ ಹೊಂದಿಸಿಕೊಂಡು ತಾಳವನ್ನು ಕೈಯಾರೆ ಕಟ್ಟಬೇಕು. ಪ್ರತಿ ಸ್ವರವನ್ನೂ ಗೆರೆಗೆ ಸರಿಯಾಗಿ ಕೂರಿಸುವ ‘ಕ್ವಾಂಟೈಸ್’ ಗುಂಡಿಯ ಮೋಹಕ್ಕೆ ಬೀಳದಿರುವುದು ಲೇಸು. ಉಸಿರಾಡುತ್ತಿದ್ದ ರಾಗ ಅದರಿಂದ ಗೋಡೆ ಗಡಿಯಾರವಾಗುತ್ತದೆ.

ಸಿದ್ಧ ತಾಳ, ಸಿದ್ಧ ಲೂಪ್‌ಗಳ ಮೇಲೆಯೇ ಕೃತಿ ನಿಂತರೆ ಅದನ್ನು ಸ್ವಂತದ್ದೆನ್ನಲು ಸಂಕೋಚವಾಗಬೇಕು. ಸಂಕೋಚವಷ್ಟೇ ಅಲ್ಲ, ಲೂಪ್‌ನ ಪರವಾನಗಿಯ ಷರತ್ತನ್ನು ಓದದೆ ಬಳಸಿದರೆ ತಗಾದೆಯೂ ಬಂದೀತು. ನಿಜಕ್ಕೂ ತನ್ನದೇ ಆದ ರಚನೆಗೆ ಕಾನೂನಿನ ಆಸರೆ ದೊಡ್ಡದು. 1957ರ ಕೃತಿಸ್ವಾಮ್ಯ ಕಾಯ್ದೆಯನ್ವಯ ಸಂಗೀತ ಕೃತಿಯ ಹಕ್ಕು ರಚನಕಾರನ ಜೀವಿತಾವಧಿ ಹಾಗೂ ಆನಂತರದ 60 ವರ್ಷಗಳವರೆಗೆ ಇರುತ್ತದೆ. ಧ್ವನಿಮುದ್ರಣಕ್ಕೆ ಪ್ರತ್ಯೇಕವಾಗಿ, ಪ್ರಕಟಣೆಯ ನಂತರ 60 ವರ್ಷ. ನೋಂದಣಿ ಕಡ್ಡಾಯವಲ್ಲ. 1994ರ ತಿದ್ದುಪಡಿಯ ತರುವಾಯ ಸ್ವರಲಿಪಿಯಲ್ಲಿ ಬರೆದಿರಲೇಬೇಕೆಂಬ ನಿಯಮವೂ ಇಲ್ಲ. ಕಿವಿಯಿಂದ ಕಲಿತು, ಲಿಪಿಯ ಗೊಡವೆಯಿಲ್ಲದೆ ನುಡಿಸುವ ನಮ್ಮ ಕಲಾವಿದರಿಗೆ ಇದು ಸಣ್ಣ ಮಾತಲ್ಲ. ಆದರೂ ರಚನೆ ತನ್ನದೆಂದು ತೋರಿಸಬೇಕಾದ ದಿನ ಬಂದರೆ ಆಧಾರ ಬೇಕು. ದಿನಾಂಕ ಸಹಿತ ಮೂಲ ಕಡತ, ಮೊದಲ ಕರಡು ಧ್ವನಿ, ಅರ್ಧಕ್ಕೆ ಬಿಟ್ಟ ಟ್ರ್ಯಾಕ್‌ಗಳು, ಇವೆಲ್ಲವನ್ನೂ ಎರಡು ಬೇರೆ ಬೇರೆ ಹಾರ್ಡ್ ಡಿಸ್ಕ್‌ಗಳಲ್ಲಿ ಕಾದಿರಿಸಿ, ಒಂದನ್ನು ಮನೆಯಿಂದಾಚೆ, ನಂಬಿಕಸ್ಥರೊಬ್ಬರ ಬಳಿ ಇಡುವುದು ಒಳ್ಳೆಯದು.